ಕಿವಿ ಮೇಷ್ಟ್ರು ಮುಂದೂಡಿದ ಪರೀಕ್ಷೆ

ಎದುರುಮನೆಯ ಕಿವಿ ಮೇಷ್ಟ್ರು ಮಾತನಾಡುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಾರೆ. ಮೊದಲ ಸಲ ಕಂಡವರು ಸಂಕೋಚವೆಂದುಕೊಳ್ಳುವುದುಂಟು. ಅದು ಇಪ್ಪತ್ತು ವರ್ಷಗಳ ಕಸುಬು ಕೈಗೆ ಕಲಿಸಿದ ಚಾಳಿ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಗೋಡೆಗೆಲ್ಲ ಸ್ಪಂಜು ಹೊದಿಸಿದ ಪುಟ್ಟ ಕೋಣೆಯಲ್ಲಿ ಮಕ್ಕಳ ಶ್ರವಣಶಕ್ತಿಯನ್ನು ಪರೀಕ್ಷಿಸುವ ಅವರಿಗೆ, ಕೇಳದ ಮಗು ತುಟಿ ನೋಡಿಯೇ ಮಾತು ಹಿಡಿದೀತೆಂಬ ಗುಮಾನಿ ಸದಾ ಇದ್ದದ್ದೇ. ರಬ್ಬರ್ ಅಟ್ಟೆಯ ಚಪ್ಪಲಿ, ಬೆಕ್ಕಿನ ನಡಿಗೆ, ಗಿಲಕಿ ಪೀಪಿಗಳ ಭಾರಕ್ಕೆ ಜೋತುಬಿದ್ದ ಬಿಳಿ ಕೋಟಿನ ಜೇಬು. ಯಾವಾಗ ಬಂದು ಬೆನ್ನ ಹಿಂದೆ ನಿಂತರೆಂಬುದು ದೊಡ್ಡವರಿಗೂ ತಿಳಿಯದು. ಮೇಷ್ಟ್ರು ಕಳ್ಳತನಕ್ಕೆ ಇಳಿದಿದ್ದರೆ ಇಷ್ಟು ಹೊತ್ತಿಗೆ ಬಂಗಲೆ ಕಟ್ಟಿರುತ್ತಿದ್ದರೆಂದು ಅಲ್ಲಿಯ ಆಯಾ ಅವರೆದುರೇ ನಗೆಯಾಡುತ್ತಿದ್ದಳು.

ಮನೆಯಲ್ಲಿ ಕರೆದರೆ ತಿರುಗುತ್ತಾನೆ ಸಾರ್ ಎನ್ನದ ತಾಯಿತಂದೆಯರಿಲ್ಲ. ಅವರಿಗೆಲ್ಲ ಮೇಷ್ಟ್ರದು ಒಂದೇ ಉತ್ತರ: "ಮನೇಲಿ ನೋಡಿದ್ದು ಲೆಕ್ಕಕ್ಕಿಲ್ಲಮ್ಮ. ಮಗು ನಿಮ್ಮ ಮುಖ ಓದುತ್ತೆ."

ಅವರ ಮಗಳಿಗೆ ಮೂರು ವರ್ಷ ತುಂಬಿದ ಮಳೆಗಾಲದಲ್ಲಿ ಮೆದುಳಿನ ಪೊರೆಗೆ ಸೋಂಕು ತಗುಲಿತು, ಮೆನಿಂಜೈಟಿಸ್. ಅದನ್ನು ತಡೆಯುವ ಲಸಿಕೆಯ ಕೊನೆಯ ಚುಚ್ಚುಮದ್ದನ್ನು, ಮಗುವಿಗೆ ನೆಗಡಿ ಇದೆ, ಇಳಿಯಲಿ ಎಂದು ಮುಂದೂಡಿದ್ದರು. ನೆಗಡಿ ಇಳಿಯಿತು, ಚುಚ್ಚುಮದ್ದು ಮರೆತೇಹೋಯಿತು. ಒಂದು ಸಂಜೆ ಸುಡುಸುಡು ಜ್ವರ, ಬಿಟ್ಟೂಬಿಡದ ವಾಂತಿ. ಬೆಳಗ್ಗೆ ಕಿಟಕಿ ತೆರೆದರೆ ಮಗು ಬೆಳಕು ಬೇಡವೆಂದು ಚೀರಿತು. ಎತ್ತಿಕೊಳ್ಳಲು ಹೋದರೆ ಕತ್ತು ಬಾಗದೆ ಸೆಟೆದುಕೊಂಡಿತ್ತು. ಹೆಂಡತಿ ಬರಿಗಾಲಲ್ಲೇ ಆಸ್ಪತ್ರೆಗೆ ಓಡಿದರು. ಆ ಓಟದಿಂದ ಜೀವ ಉಳಿಯಿತು. ಹನ್ನೊಂದನೆಯ ದಿನ ಮನೆಗೆ ಕಳಿಸುವಾಗ, ಈ ರೋಗ ಕಿವಿಯನ್ನು ಕೆಡಿಸುವುದುಂಟು, ನಾಲ್ಕು ವಾರದೊಳಗೆ ಪರೀಕ್ಷೆಯಾಗಲೇಬೇಕು ಎಂದು ಚೀಟಿ ಬರೆದ ಡಾಕ್ಟರಮ್ಮ, "ನಿಮಗೆ ನಾನೇನು ಹೇಳೋದು ಮೇಷ್ಟ್ರೇ" ಎಂದು ನಕ್ಕರಂತೆ.

ಚೀಟಿ ಕೋಟಿನ ಜೇಬಿನಲ್ಲೇ ಉಳಿಯಿತು. ಮಗು ಸ್ವಲ್ಪ ಚೇತರಿಸಿಕೊಳ್ಳಲಿ, ಮುಂದಿನ ವಾರ ನೋಡೋಣ ಎನ್ನುತ್ತ ಮೇಷ್ಟ್ರು ದಿನವೂ ಬಾಗಿಲ ಮರೆಯಿಂದ ಮೆಲ್ಲಗೆ "ಪುಟ್ಟೀ" ಎಂದು ಕರೆಯುವರು, ಅವಳು ತಿರುಗುವಳು, ಅವರ ಮುಖ ಅರಳುವುದು. ಹಸುಗೂಸನ್ನು ಕಂಕುಳಲ್ಲಿಟ್ಟುಕೊಂಡು ಎಷ್ಟೋ ಸಲ ನಾನೂ ಆ ಪಡಸಾಲೆಯಲ್ಲಿ ಕೂತಿದ್ದೆ. ಅವರು ಕರೆದಾಗಲೆಲ್ಲ ಆ ತಾಯಿಯೂ ನಾನೂ ಮಗುವನ್ನು ಬಿಟ್ಟು ಬಾಗಿಲತ್ತ ನೋಡುತ್ತಿದ್ದೆವು. ಅವಳು ತಿರುಗುತ್ತಿದ್ದದ್ದು ನಮ್ಮ ಕಣ್ಣಿನ ಜಾಡು ಹಿಡಿದು.

ಮೂರನೆಯ ತಿಂಗಳಲ್ಲಿ ಅವಳ ಬೆನ್ನ ಹಿಂದೆಯೇ ಸ್ಟೀಲಿನ ಬೋಗುಣಿಯೊಂದು ಬಿದ್ದು ಗಲಗಲ ಉರುಳಿತು. ಅವಳು ಗೊಂಬೆಗೆ ಅಂಗಿ ತೊಡಿಸುತ್ತಲೇ ಇದ್ದಳು. ಹೆಂಡತಿ ಕೂಗಾಡಲಿಲ್ಲ. "ರೀ, ಊರ ಮಕ್ಕಳನ್ನೆಲ್ಲ ಆ ಕೋಣೇಲಿ ಕೂರಿಸ್ತೀರಿ. ನಮ್ಮದನ್ನೂ ಒಂದ್ಸಲ ಕೂರಿಸಿ" ಎಂದರು.

ಕೂರಿಸಿದರು. ತಲೆ ಎತ್ತಬೇಡವೆಂದು ಹೆಂಡತಿಗೆ ಹೇಳಿ ಮಗುವನ್ನು ಅವರ ತೊಡೆಯ ಮೇಲಿಟ್ಟು, ಗಾಜಿನಾಚೆ ಕೂತು ಸದ್ದಿನ ತಿರುಗುಗುಂಡಿಯನ್ನು ಒಂದೊಂದೇ ಗೆರೆ ಏರಿಸುತ್ತ ಹೋದರು. ಗೆರೆಗಳು ಮುಗಿದವು. ಮಗು ದಾರಕ್ಕೆ ಮರದ ಮಣಿ ಪೋಣಿಸುತ್ತಿತ್ತು. ಎರಡೂ ಒಳಕಿವಿಯ ಶಂಖದೊಳಗೆ ಎಲುಬು ಬೆಳೆದು ಕಟ್ಟಿಕೊಂಡಿದೆಯೆಂದು ಸ್ಕ್ಯಾನ್ ಹೇಳಿತು. ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಗೆ ಕೂರಿಸುವ, ಸದ್ದು ಕೇಳಿಸುವ ಯಂತ್ರದ ತಂತಿಯನ್ನು ತೂರಿಸಲು ಈಗ ಜಾಗವಿಲ್ಲ, ಮೊದಲ ತಿಂಗಳಲ್ಲೇ ಬಂದಿದ್ದರೆ ದಾರಿಯಿತ್ತು ಎಂದು ಶಸ್ತ್ರವೈದ್ಯರು ಹೇಳಿದರು.

ಈಗ ಅವಳಿಗೆ ಐದು. ಮನೆಯಲ್ಲೂ ಮೇಷ್ಟ್ರ ಅಂಗೈ ತಾನಾಗಿ ಬಾಯಿಗೆ ಏರುತ್ತದೆ. ಅವಳು ಎರಡೂ ಕೈಯಿಂದ ಅದನ್ನು ಹಿಡಿದು ಕೆಳಗೆಳೆದು, ತುಟಿಗಳನ್ನೇ ದಿಟ್ಟಿಸುತ್ತ ನಿಲ್ಲುತ್ತಾಳೆ. 

ಆ ವರ್ಷವೇ ನನ್ನ ಕೂಸಿಗೆ ಮೂಗು ಸೋರುತ್ತಿದೆಯೆಂದು ನಾನೂ ಚುಚ್ಚುಮದ್ದನ್ನು ಮುಂದೂಡಲು ಹೊರಟಿದ್ದೆ. ಮೇಷ್ಟ್ರು ಮೆಟ್ಟಿಲ ಮೇಲೆ ತಡೆದರು. "ಸಣ್ಣ ನೆಗಡಿಗೆಲ್ಲ ನಿಲ್ಲಿಸಬೇಡಮ್ಮ. ಇವತ್ತೇ ಹೋಗು." ಹೋಗಿ ಹಾಕಿಸಿಕೊಂಡು ಬಂದೆ. ಆದರೂ ಇಂದಿಗೂ ರಾತ್ರಿ ನಾಲ್ಕು ಸಲ ಎದ್ದು ಅದರ ಕತ್ತು ಬಾಗುತ್ತದೆಯೇ ಎಂದು ನೋಡುತ್ತೇನೆ.

ಅಂಥ ಜ್ವರದಿಂದೆದ್ದ ಮಕ್ಕಳನ್ನು ಮೇಷ್ಟ್ರು ಈಗ ವಾರ್ಡಿಗೇ ಹೋಗಿ ಪರೀಕ್ಷೆಗೆ ಕರೆತರುತ್ತಾರೆ. ಇಬ್ಬರಿಗೆ ಸಕಾಲದಲ್ಲಿ ಯಂತ್ರ ಕೂರಿಸಿದ್ದೂ ಆಯಿತು. ಅಂಥ ದಿನ ಅವರು ಮನೆಗೆ ಬಂದು ಉಣ್ಣುವುದಿಲ್ಲವೆಂದು ಹೆಂಡತಿ ಹೇಳುತ್ತಾರೆ. ತಿಳಿಯದೆ ಕಳೆದುಕೊಂಡವರಿಗೆ ಬೈಯಲು ವಿಧಿಯೋ ವೈದ್ಯರೋ ಯಾರಾದರೊಬ್ಬರು ಸಿಗುತ್ತಾರೆ, ಬೈದು ಬೈದು ಒಂದು ದಿನ ದಣಿದು ನಿದ್ದೆಯನ್ನಾದರೂ ಮಾಡುತ್ತಾರೆ. ಬಲ್ಲವರಾಗಿಯೂ ಅಂಜಿ ಮುಖ ತಿರುಗಿಸಿದವರ ಪಾಡು ಬೇರೆ. ಅವರಿಂದ ಉಳಿದ ಒಂದೊಂದು ಮಗುವೂ, ಅವರ ಮಗುವನ್ನೂ ಹೀಗೆಯೇ ಉಳಿಸಬಹುದಿತ್ತೆಂದು ಸಾಕ್ಷಿ ಹೇಳಿಯೇ ಹೋಗುತ್ತದೆ.