ಯಾರ ಮನೆ ಮೀನು

ಸಂಘದವರು ಕೊಲ್ಲಿಗೆ ಬೀಗ ಹಾಕಿ ಎರಡು ವರ್ಷವಾಗಿತ್ತು. ನೀರಿಗೆ ಯಾರು ಬೀಗ ಹಾಕುತ್ತಾರೆ, ಮಾತಿಗೆ ಹಾಗನ್ನುವುದು. ದೀಪದ ಕಂಬದಿಂದ ದೋಣಿ ಕಟ್ಟುವ ಮುರಿದ ದಕ್ಕೆಯವರೆಗೆ ಯಾರೂ ಬಲೆ ಬಿಡಬಾರದು, ಗಾಳ ಹಾಕಬಾರದು, ಕಲ್ಲುಮೀನು ಮೊಟ್ಟೆಯಿಟ್ಟು ನಾಲ್ಕು ಕಾಲ ಹೆಚ್ಚಿಕೊಳ್ಳಲಿ ಎಂದು ಮೀನುಗಾರರೇ ಕೂತು ಮಾಡಿಕೊಂಡ ಕಟ್ಟುಪಾಡು ಅದು. ಮಾತು ಎತ್ತಿದವನು ಸಂಘದ ಯಜಮಾನ. ಅವನ ಹೆಂಡತಿ ಬಂದರಿನ ಹಿಂದಿನ ಶೆಡ್ಡಿನಲ್ಲಿ ಕೂತು ಹರಿದ ಬಲೆಗಳನ್ನು ಹೆಣೆದುಕೊಡುತ್ತಿದ್ದಳು. ಎಲ್ಲರೂ ಅವಳನ್ನು ಬಲೆಯಕ್ಕ ಎನ್ನುತ್ತಿದ್ದರು. ಯಜಮಾನನಿಗೆ ಎದುರಾಡಲು ಹೆದರುವವರೆಲ್ಲ ಬಲೆಯಕ್ಕನ ಹತ್ತಿರ ಬಂದು ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿ ಹೋಗುತ್ತಿದ್ದರು.

‘ನಿನ್ನ ಗಂಡ ಧರ್ಮಾತ್ಮ ಕಣಮ್ಮ,’ ಎಂದಳು ಐಸ್ ಫ್ಯಾಕ್ಟರಿಯ ಹೆಂಗಸು, ಒಂದು ಬೆಳಗ್ಗೆ, ಶೆಡ್ಡಿನ ಬಾಗಿಲಿಗೆ ಒರಗಿ. ‘ಹೊಟ್ಟೆ ಕಟ್ಟಿ ಮೀನು ಸಾಕೋರು ನಾವು, ದೋಣಿ ತುಂಬಿಸ್ಕೊಂಡು ಹೋಗೋರು ಆಚೆ ಕೊಲ್ಲಿಯವರು. ನಿನ್ನ ತಂಗಿನ ಕೊಟ್ಟಿರೋದು ಅಲ್ಲಿಗೇ ಅಲ್ವಾ? ಮದುವೇಲಿ ಕೊಟ್ಟಿದ್ದು ಸಾಲಲಿಲ್ಲ ಅಂತ ಈಗ ಮೀನೂ ಕಳಿಸ್ತಿದ್ದೀರಾ?’

ಬಲೆಯಕ್ಕ ಸೂಜಿಗೆ ದಾರ ಪೋಣಿಸಿದಳು. ಆಚೆ ಕೊಲ್ಲಿಯಲ್ಲಿ ತಂಗಿಯ ಗಂಡನ ದೋಣಿ ದಿನಾ ಕಲ್ಲುಮೀನು ಹೊತ್ತು ಬರುತ್ತಿದ್ದದ್ದು ಸುಳ್ಳಲ್ಲ. ಆದರೆ ಮೀನಿನ ಮೈಮೇಲೆ ಇಂಥ ಊರಿನದು ಅಂತ ಬರೆದಿರುತ್ತದೆಯೇ? ಅವಳು ಯೋಚಿಸಿದಷ್ಟೂ ಸೂಜಿಯ ದಾರ ಸಿಕ್ಕುಗಟ್ಟಿತು. ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟಿದಳು.

ಕೊನೆಗೆ ಯಜಮಾನನೂ ತಲೆ ಬಿಸಿಯಾಗಿ ಸಮುದ್ರ ಸಂಶೋಧನೆಯ ಆಫೀಸಿಗೆ ಫೋನ್ ಮಾಡಿದ. ಅಲ್ಲಿಂದ ಕನ್ನಡಕದ ಒಬ್ಬ ಹೆಂಗಸು ಬಂದಳು, ಹೆಗಲಿಗೊಂದು ದೊಡ್ಡ ಚೀಲ, ಕಾಲಿಗೆ ರಬ್ಬರ್ ಬೂಟು. ಮೀನಿನ ಬಗ್ಗೆ ಓದಿ ಡಾಕ್ಟರ್ ಆದವಳಂತೆ. ‘ಮೀನಿಗೂ ಡಾಕ್ಟರಮ್ಮನಾ? ನಾಲಿಗೆ ಚಾಚು ಅಂತಾರಾ?’ ಎಂದು ದೋಣಿಯವರು ನಕ್ಕರು. ಅವಳೂ ನಕ್ಕಳು. ನೆರಳು ಇದ್ದದ್ದು ಶೆಡ್ಡಿನಲ್ಲಿ ಮಾತ್ರ, ಹಾಗಾಗಿ ಅಲ್ಲೇ ಬಲೆಯ ರಾಶಿಯ ಮೇಲೆ ಕೂತು ಎಲ್ಲರಿಗೂ ವಿಷಯ ಹೇಳಿದಳು.

ದೊಡ್ಡದಾದ ಮೇಲೆ ಕಲ್ಲುಮೀನು ತನ್ನ ಬಂಡೆ ಬಿಟ್ಟು ಕದಲುವುದಿಲ್ಲ. ಊರೂರು ಸುತ್ತುವುದೇನಿದ್ದರೂ ಹುಟ್ಟಿದ ಹೊಸದರಲ್ಲಿ. ಸಾಸಿವೆಯಷ್ಟು ಮರಿ, ಸುಮಾರು ಒಂದು ತಿಂಗಳು ನೀರಿನಲ್ಲೇ ತೇಲುತ್ತದೆ, ಸೆಳೆತ ಎತ್ತ ಒಯ್ದರೆ ಅತ್ತ. ಅಷ್ಟರೊಳಗೆ ಬಂಡೆ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

‘ಅಂದ್ರೆ ತಾಯಿ ಒಂದು ಕಡೆ, ಮಕ್ಕಳು ಒಂದು ಕಡೆ,’ ಎಂದಳು ಬಲೆಯಕ್ಕ.

‘ಹೆಚ್ಚು ಕಮ್ಮಿ ಹಾಗೇ.’

‘ಯಾವ ಮಗು ಯಾವ ತಾಯಿದು ಅಂತ ಗೊತ್ತಾಗೋದು ಹೇಗೆ?’

‘ಗೊತ್ತಾಗಲ್ಲ ಅಂತಲೇ ನಾನು ಬಂದಿರೋದು,’ ಎಂದಳು ಡಾಕ್ಟರಮ್ಮ.

ಅವಳ ಚೀಲದ ತುಂಬ ಅಂಗೈಯಗಲದ ಮರದ ಬಿಲ್ಲೆಗಳಿದ್ದವು. ಕಿತ್ತಳೆ ಬಣ್ಣ ಬಳಿದು ಪ್ರತಿಯೊಂದರ ಮೇಲೂ ಫೋನ್ ನಂಬರು ಕೊರೆದಿತ್ತು. ಮೀನು ಮೊಟ್ಟೆಯಿಡುವ ಕಾಲಕ್ಕೆ ಸರಿಯಾಗಿ ಅವನ್ನು ಕೊಲ್ಲಿಯ ಬಂಡೆಗಳ ಸುತ್ತಲಿನ ನೀರಿಗೆ ಚೆಲ್ಲಿದರು. ಸಿಕ್ಕವರು ಎಲ್ಲಿ ಸಿಕ್ಕಿತು ಎಂದು ಫೋನ್ ಮಾಡಿದರೆ ನೀರು ಎತ್ತ ಹೋಗುತ್ತಿದೆ ಎಂಬ ಅಂದಾಜು ಸಿಗುತ್ತದೆ ಎಂಬುದು ಲೆಕ್ಕಾಚಾರ.

ಫೋನ್‌ಗಳೂ ಬಂದವು. ಆಚೆ ಕೊಲ್ಲಿಗೂ ದಕ್ಷಿಣದ ದೊಡ್ಡ ಬಂದರಿನ ಕಾವಲುಗಾರ ಮಾಡಿದ. ಹಡಗಿನ ಅಡುಗೆಯವನೊಬ್ಬ ಮಾಡಿ, ಇದಕ್ಕೇನಾದರೂ ಬಹುಮಾನ ಉಂಟೋ ಎಂದು ಕೇಳಿದ. ಆಚೆ ಕೊಲ್ಲಿಯಿಂದ ಮಾತ್ರ ಒಂದೇ ಒಂದು ಕರೆ ಇಲ್ಲ.

‘ನೀರು ನೋಡಿದರೆ ಆ ಕಡೆಗೇ ಹೋಗ್ತಿದೆ,’ ಎಂದು ಡಾಕ್ಟರಮ್ಮ ತಲೆ ಕೆರೆದುಕೊಂಡಳು. ‘ಬಿಲ್ಲೆ ಹೋಗ್ತಿಲ್ಲ. ಎಲ್ಲೋ ಏನೋ ಸರಿಹೊಂದ್ತಿಲ್ಲ.’

ಸಂಘದಲ್ಲಿ ಗುಸುಗುಸು ಎದ್ದಿತು. ನಮ್ಮ ಮೀನು ಪಕ್ಕದ ಕೊಲ್ಲಿಯನ್ನೇ ಮುಟ್ಟದಿದ್ದ ಮೇಲೆ ಅವರಿಗೆ ಸಿಗುತ್ತಿರುವುದು ಅವರದೇ ಮೀನು. ಬೀಗ ಹಾಕದೆಯೇ ಅವರಿಗೆ ಅಷ್ಟು ಸಿಗುವುದಾದರೆ ನಮಗೇಕೆ ಬೀಗ? ವಾರದ ಕೊನೆಗೆ ಸಭೆ ಕರೆದರು.

ಅದೇ ಹೊತ್ತಿಗೆ ತಂಗಿಯಿಂದ ಫೋನ್ ಬಂತು. ಮನೆಯವರ ದೊಡ್ಡ ಬಲೆ ಬಂಡೆಗೆ ಸಿಕ್ಕಿ ಚಿಂದಿಯಾಗಿದೆ, ಒಂದು ದಿನದ ಮಟ್ಟಿಗೆ ಬಂದು ಹೋಗು ಅಕ್ಕ, ಎಂದು. ಬಲೆಯಕ್ಕ ಸೂಜಿ, ದಾರದ ಉಂಡೆ ಕಟ್ಟಿಕೊಂಡು ಬಸ್ಸು ಹತ್ತಿದಳು.

ಬಲೆ ಅರ್ಧ ಆಗಿರಬೇಕು, ಟೀ ಕುಡಿಯಲೆಂದು ಒಳಗೆ ಬಂದಳು. ಲೋಟ ಕೈಜಾರಿ ಟೀ ಚೆಲ್ಲಿತು. ಒರೆಸುವ ಬಟ್ಟೆಗೆಂದು ಸಿಂಕಿನ ಕೆಳಗೆ ಕೈ ಹಾಕಿದರೆ ಬಕೆಟ್ಟಿನ ಹಿಂದೆ ಪ್ಲಾಸ್ಟಿಕ್ ಚೀಲವೊಂದು ತಗುಲಿತು. ಎಳೆದಳು. ಬಾಯಿ ಬಿಚ್ಚಿದ ಚೀಲದಲ್ಲಿ ಮೊದಲು ಕಂಡದ್ದು ಕಿತ್ತಳೆ ಬಣ್ಣ.

‘ಇದೇನೇ ಇದು?’

ತಂಗಿ ಥಟ್ಟನೆ ಒಲೆಯ ಕಡೆ ತಿರುಗಿದಳು. ‘ಅದಾ? ಮಕ್ಕಳು ಆಯ್ದು ತಂದಿದ್ದು. ಆಟಕ್ಕೆ.’

‘ನಿನ್ನ ಮಕ್ಕಳಿಬ್ಬರಿಗೂ ಮೀಸೆ ಬಂದಿದೆ ಕಣೇ.’

ತಂಗಿ ಬೇಕೆಂದೇ ಒಲೆ ಉಜ್ಜತೊಡಗಿದಳು. ಆಮೇಲೆ ಒಮ್ಮೆಗೇ ಹೇಳಿಬಿಟ್ಟಳು: ‘ನಮ್ಮನೆಯವರೇ ಹೇಳಿದ್ದು. ದಡದಲ್ಲಿ ಕಂಡಿದ್ದನ್ನೆಲ್ಲ ಎತ್ತಿಡು, ಯಾರಿಗೂ ಫೋನ್ ಮಾಡ್ಬೇಡ ಅಂತ. ನಿಮ್ಮ ಮೀನು ಇಲ್ಲಿಗೆ ಬರುತ್ತೆ ಅಂತ ಗೊತ್ತಾದ್ರೆ ನಮಗೂ ಬೀಗ ಹಾಕಿಸ್ತೀರಿ. ಆಮೇಲೆ ನಾವೇನು ಮಣ್ಣು ತಿನ್ನೋದಾ?’

‘ಅಲ್ಲಿ ಜನ ನನ್ನ ಮುಖಕ್ಕೆ ಉಗಿಯೋದೊಂದು ಬಾಕಿ! ತಂಗಿಗೆ ಮೀನು ಕಳಿಸ್ತಾಳೆ ಅಂತಾರೆ.’

‘ನನಗೇನು ಕನಸು ಬೀಳುತ್ತಾ? ನೀನು ಒಂದು ದಿನ ಆದ್ರೂ ಹೇಳಿದ್ಯಾ?’

ಬಲೆಯಕ್ಕ ಸಿಟ್ಟಿನಲ್ಲಿ ಚೀಲವನ್ನು ನೆಲಕ್ಕೆ ಸುರಿದಳು. ಮೇಲೆ ಕಿತ್ತಳೆ ಇದ್ದದ್ದು ನಾಲ್ಕೈದು ಮಾತ್ರ. ಉಳಿದದ್ದೆಲ್ಲ ಬಿಳಿ. ಅದೇ ಅಳತೆ, ಅದೇ ಫೋನ್ ನಂಬರು, ಬಣ್ಣ ಮಾತ್ರ ಬಿಳಿ.

‘ನಾವು ಬಿಟ್ಟಿದ್ದು ಕಿತ್ತಳೆ ಒಂದೇ,’ ಎಂದಳು ನಿಧಾನಕ್ಕೆ.

‘ನೋಡು ಮತ್ತೆ! ನಿಮ್ಮದಲ್ಲ!’ ತಂಗಿಯ ಮುಖ ಅರಳಿತು. ಮರುಗಳಿಗೆಯಲ್ಲೇ ಹುಬ್ಬು ಗಂಟಿಕ್ಕಿತು. ‘ಹಾಗಾದ್ರೆ ಯಾರದು?’

ಇಬ್ಬರೂ ಚೆಲ್ಲಿದ ಟೀಯ ಪಕ್ಕ ನೆಲದ ಮೇಲೆ ಕೂತು ಬಿಲ್ಲೆಗಳನ್ನು ಮಗುಚಿ ಮಗುಚಿ ನೋಡಿದರು. ಕಳ್ಳರನ್ನು ಹಿಡಿದೆ ಎಂದುಕೊಂಡಿದ್ದ ಬಲೆಯಕ್ಕನಿಗೆ ಈಗ ಏನನ್ನು ಹಿಡಿದಿದ್ದೇನೆ ಎಂಬುದೇ ತಿಳಿಯಲಿಲ್ಲ. ‘ತಗೊಂಡು ಹೋಗು, ನಾನು ಕೊಟ್ಟೆ ಅನ್ಬೇಡ,’ ಎಂದಳು ತಂಗಿ. ಬಸ್ ನಿಲ್ದಾಣದವರೆಗೆ ಬೆನ್ನು ಹತ್ತಿ ಬಂದು, ‘ಬೇಡ, ವಾಪಸ್ ಕೊಟ್ಬಿಡು,’ ಎಂದಳು. ಕೊಡಲು ಹೋದರೆ, ‘ಹೋಗ್ಲಿ, ಇಟ್ಕೋ,’ ಎಂದಳು. ಅಷ್ಟರಲ್ಲಿ ಬಸ್ಸು ಹೊರಟಿತು. ಬಲೆ ಅರ್ಧಕ್ಕೇ ನಿಂತಿತು.

ಗಂಡ ಬಿಲ್ಲೆಗಳನ್ನು ಕಂಡವನೇ ಮೊದಲು ಹಿಗ್ಗಿದ. ಆಮೇಲೆ ಕುರ್ಚಿ ಎಳೆದು ಕೂತ.

‘ಇದನ್ನ ತೋರಿಸಿದ್ರೆ, ನೋಡಿ ನಮ್ಮ ಮೀನು ಅವರ ಪಾಲಾಯ್ತು, ಬೀಗ ತೆಗೀರಿ ಅಂತಾರೆ. ತೋರಿಸದಿದ್ರೆ, ಬೀಗ ಹಾಕಿ ಏನೂ ಉಪಯೋಗ ಆಗ್ಲಿಲ್ಲ, ತೆಗೀರಿ ಅಂತಾರೆ.’

‘ಏನು ಮಾಡೋಣ ರೀ?’

‘ನೀನು ಯಾಕೆ ಕಣೇ ಆ ಸಿಂಕಿನ ಕೆಳಗೆ ಕೈ ಹಾಕಿದೆ?’

ಸಭೆಯ ದಿನದವರೆಗೂ ಅವಳಿಗೆ ಒಂದು ನಿರ್ಧಾರಕ್ಕೆ ಬರಲಾಗಲಿಲ್ಲ. ತೋರಿಸಿದರೆ ತಂಗಿಯ ಮನೆ ಮುರಿಯುತ್ತದೋ ಏನೋ, ತೋರಿಸದಿದ್ದರೆ ಗಂಡನ ಮಾತು ಬೀಳುತ್ತದೆ. ಚೀಲವನ್ನು ಮನೆಯಲ್ಲಿಟ್ಟು ಹೊರಟಳು, ಅರ್ಧ ದಾರಿಯಿಂದ ವಾಪಸ್ಸು ಹೋಗಿ ತಂದಳು. ಸಭೆ ನಡೆಯುವ ಮೀನು ಹರಾಜಿನ ಕಟ್ಟೆಯ ಮೇಲೆ ಜನ ಕಿಕ್ಕಿರಿದಿದ್ದರು. ಕಾಲು ತಾನಾಗಿ ಮುಂದೆ ಹೋಯಿತು, ಕೈ ತಾನಾಗಿ ಚೀಲವನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟಿತು.

‘ಎಲ್ಲಿ ಸಿಕ್ತು?’

‘ಆಚೆ ಕೊಲ್ಲೀಲಿ.’

‘ಯಾರಿಗೆ?’

ಬಲೆಯಕ್ಕ ಯಾರಿಗೋ ಎನ್ನಲು ಬಾಯಿ ತೆರೆದಳು.

‘ನನಗೆ,’ ಎಂದಿತು ಹಿಂದಿನಿಂದ ಒಂದು ದನಿ. ತಂಗಿ! ಬಸ್ಸಿನ ಗಾಳಿಗೆ ಕೂದಲೆಲ್ಲ ಕೆದರಿತ್ತು. ‘ನಾನೇ ಬಚ್ಚಿಟ್ಟಿದ್ದೆ. ಬೈಯೋರು ನನಗೇ ಬೈದುಬಿಡಿ. ಅಕ್ಕನ್ನ ಅನ್ಬೇಡಿ.’

ಬೈಯಲು ಸಿದ್ಧವಾಗಿದ್ದವರೂ ಆ ಮಾತಿಗೆ ತಬ್ಬಿಬ್ಬಾದರು. ಡಾಕ್ಟರಮ್ಮನಿಗೆ ಬೈಗುಳದ ಕಡೆ ಗಮನವೇ ಇರಲಿಲ್ಲ. ಬಿಲ್ಲೆಗಳನ್ನು ಬಣ್ಣ ಬಣ್ಣ ಬೇರೆ ಮಾಡುತ್ತಿದ್ದವಳು, ‘ಅಯ್ಯೋ, ಬಿಳಿ!’ ಎಂದಳು. ಅವು ಇಲ್ಲಿಂದ ಬಲು ದೂರ, ನಡುಸಮುದ್ರದ ಹಕ್ಕಿದ್ವೀಪದ ಬಂಡೆಗಳ ಹತ್ತಿರ ಅವಳೇ ಬೇರೆಯಾಗಿ ಬಿಟ್ಟವಂತೆ. ಆಚೆ ಕೊಲ್ಲಿಗೆ ಹೆಚ್ಚು ಮರಿ ಬರುತ್ತಿರುವುದು ಅಲ್ಲಿಂದಲೇ ಇರಬಹುದು, ಸ್ವಲ್ಪ ಈ ಕೊಲ್ಲಿಯಿಂದ. ‘ಇನ್ನೊಂದು ವಿಷಯ,’ ಎಂದಳು, ‘ನಿಮ್ಮ ಕೊಲ್ಲಿಯಲ್ಲೂ ಬಿಳಿ ಸಿಕ್ಕಿವೆ. ನಿನ್ನೆಯಷ್ಟೇ ಫೋನ್ ಬಂತು.’

‘ಅಂದ್ರೆ ನಾವು ಎರಡು ವರ್ಷ ಕಾದಿದ್ದು ಯಾರ ಮೀನನ್ನ?’ ಐಸ್ ಫ್ಯಾಕ್ಟರಿಯ ಹೆಂಗಸು ಎದ್ದು ನಿಂತಳು.

‘ಕಾದಿದ್ದು ವ್ಯರ್ಥ ಅಲ್ಲ. ದ್ವೀಪದಲ್ಲಿ ಒಂದು ವರ್ಷ ಮರಿ ಆಗದಿದ್ರೆ ಆಚೆ ಕೊಲ್ಲಿಗೆ ನಿಮ್ಮ ಮರಿಯೇ ಗತಿ. ನಿಮ್ಮಲ್ಲಿ ಖಾಲಿಯಾದ್ರೆ ಬೇರೆ ಕಡೆಯಿಂದ ಬಂದು ತುಂಬಬೇಕು. ಒಂದಕ್ಕೊಂದು ಕೊಂಡಿ ಇದೆ.’ ಇಷ್ಟು ಹೇಳಿ ಅವಳೇ ಕನ್ನಡಕ ತೆಗೆದು ಒರೆಸಿಕೊಂಡಳು. ‘ಆದರೆ ಖಂಡಿತ ಅಂತ ನನ್ನ ಬಾಯಿಂದ ಹೇಳಿಸಬೇಡಿ. ಬಿಲ್ಲೆ ನೀರಿನ ಮೇಲೇ ತೇಲುತ್ತೆ, ಮರಿ ಆಳಕ್ಕೂ ಇಳಿಯುತ್ತೆ. ಕೆಳಗಿನ ಸೆಳೆತ ಬೇರೆ ಕಡೆಗಿರಬಹುದು.’

ಅಲ್ಲಿಗೆ ಸಭೆಯ ತಲೆ ಪೂರ್ತಿ ಕೆಟ್ಟಿತು. ಬೀಗ ತೆಗೆಯುವವರು ಕೈ ಎತ್ತಿ ಎಂದಾಗ ಎತ್ತಿದವರಲ್ಲಿ ಎಷ್ಟೋ ಜನ ಬೀಗ ಇರಲಿ ಎಂದಾಗಲೂ ಎತ್ತಿದರು. ಎರಡು ಸಲ ಎಣಿಸಿದರೂ ಕೂತವರಿಗಿಂತ ಕೈಗಳೇ ಜಾಸ್ತಿ. ಯಜಮಾನ ಸಾಕಾಗಿ, ‘ಇನ್ನೊಂದು ಸಲ ಮೊಟ್ಟೆ ಕಾಲ ಕಳೀಲಿ, ಆಮೇಲೆ ನೋಡೋಣ,’ ಎಂದ. ಯಾರೂ ಬೇಡ ಎನ್ನಲಿಲ್ಲ. ಬೇಡ ಅಂದರೆ ಯಾವುದನ್ನು ಬೇಡ ಅಂದ ಹಾಗಾಗುತ್ತದೆ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ.

ತಂಗಿಯ ಗಂಡ ಹೆಂಡತಿಯ ಜೊತೆ ಮಾತು ಬಿಟ್ಟನಂತೆ. ಎಷ್ಟು ದಿನ ಬಿಟ್ಟಾನು, ಅರ್ಧ ಹೆಣೆದ ಬಲೆ ಮನೆ ತುಂಬ ಹರಡಿಕೊಂಡಿತ್ತು. ಒಂದು ಮಧ್ಯಾಹ್ನ ಅದನ್ನು ಹೊತ್ತು ಬಲೆಯಕ್ಕನ ಶೆಡ್ಡಿಗೇ ಬಂದು ಕೆಳಗೆ ಇಳಿಸಿ, ಮುಖ ಬೇರೆ ಕಡೆ ತಿರುಗಿಸಿ ಕೂತ. ಬಲೆಯಕ್ಕ ಬಲೆ ಎಳೆದುಕೊಂಡು ಹೆಣೆಯತೊಡಗಿದಳು.

‘ನಮ್ಮಲ್ಲೂ ಮೊನ್ನೆ ಸಭೆ ಆಯ್ತು ಅತ್ತಿಗೆ,’ ಎಂದ ಅವನು ಕೊನೆಗೆ. ‘ಮೊಟ್ಟೆ ಕಾಲದಲ್ಲಿ ಬಂಡೆಗಳ ಮೂಲೆಗೆ ಯಾರೂ ಹೋಗಬಾರದು ಅಂತ ಆಯ್ತು. ಈ ಕಟ್ಟುಪಾಡು ಕೂಡದು ಅಂತ ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನೇ. ಆಮೇಲೆ ಕೈ ಎತ್ತಿದ್ದೂ ನಾನೇ. ಯಾಕೆ ಅಂತ ಕೇಳ್ಬೇಡಿ.’

‘ಕೇಳಲ್ಲ ಬಿಡಿ.’

ಅವನು ಬಲೆಯ ತೇಲುಬೆಂಡನ್ನು ಬೆರಳಲ್ಲಿ ಉರುಳಿಸುತ್ತ ಕೂತ.

‘ಅಲ್ಲ ಅತ್ತಿಗೆ, ಆ ಹಕ್ಕಿದ್ವೀಪದಲ್ಲಿ ಯಾರಿದ್ದಾರೆ?’

‘ಯಾರೂ ಇಲ್ಲವಂತೆ.’

‘ಯಾರೂ ಇಲ್ಲ ಅಂದ್ರೆ? ಒಂದು ಸಂಘ, ಒಬ್ಬ ಯಜಮಾನ, ಏನೂ ಇಲ್ವಾ?’

‘ಬರೀ ಹಕ್ಕಿಗಳಂತೆ.’

‘ಹಾಗಾದ್ರೆ ನಾಳೆ ಮೀನು ಬರದೇ ಹೋದ್ರೆ ಯಾರ ಹತ್ರ ಜಗಳ ಆಡೋದು?’

ಬಲೆಯಕ್ಕ ಸೂಜಿ ನಿಲ್ಲಿಸಿ ನಿಜವಾಗಿಯೂ ಯೋಚಿಸಿದಳು. ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿ, ‘ಆ ತುದಿ ಸ್ವಲ್ಪ ಬಿಗಿಯಾಗಿ ಹಿಡ್ಕೊಳ್ಳಿ,’ ಎಂದಳು.