ಸೀತನಿ ಕಾಲದ ಬಿರುಕು

ಕೊಪ್ಪಳದ ಹೊರಗಿನ ಆ ಎರಕದ ಕಾರ್ಖಾನೆಯಲ್ಲಿ ಭಟ್ಟಿಯ ಕಬ್ಬಿಣದ ಬಾಗಿಲಿಗೆ ಶಾಖ ತಡೆಯುವ ಬಿಳಿ ಲೇಪ ಹಚ್ಚುವವಳು ಪಾರಮ್ಮ. ಒಂಬತ್ತು ವರ್ಷ ಆಕೆಯ ಲೇಪ ವರ್ಷ ತುಂಬುವ ತನಕ ಮಿಸುಕಿರಲಿಲ್ಲ. ಈ ಚಳಿಗಾಲದಲ್ಲಿ ಮಾತ್ರ ಹದಿನೈದು ದಿನಕ್ಕೇ ಬಿರುಕು ಬಿಟ್ಟಿತು. ಮತ್ತೆ ಹಚ್ಚಿದರೆ ಮತ್ತೆ ಅದೇ ಹಾಡು. ಮ್ಯಾನೇಜರ್ ಈಶಪ್ಪ ಆಕೆಯ ಕೈ ಸೋತಿದೆ ಎಂದು ತೀರ್ಪು ಕೊಟ್ಟು, ಮೂರನೇ ಸಲ ಬಿರುಕು ಬಿಟ್ಟರೆ ಮನೆಯ ದಾರಿ ಹಿಡಿ ಎಂದುಬಿಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಪಾರಮ್ಮನಿಗೆ ಮೈಯೆಲ್ಲ ಉರಿಯಿತು.

ಮೂರನೇ ಲೇಪ ಹಚ್ಚಿದ ವಾರಕ್ಕೆ, ಲೇಪ ಮಾರುವ ಕಂಪನಿಯಿಂದ ಶೈಲಜಾ ಎಂಬ ಇಂಜಿನಿಯರ್ ಬಂದರು. ಉದುರಿದ ಹಳೆಯ ಚಕ್ಕೆಗಳನ್ನು ಭೂತಗನ್ನಡಿಯಲ್ಲಿ ನೋಡಿ, ಇದನ್ನು ಒಡೆದದ್ದು ಬೆಂಕಿಯಲ್ಲ ಎಂದರು. ಬಾಗಿಲು ತೆರೆದರೆ ಕಬ್ಬಿಣ ತಣ್ಣಗಾಗಿ ಕುಗ್ಗುತ್ತದೆ, ಮುಚ್ಚಿದರೆ ಕಾದು ಹಿಗ್ಗುತ್ತದೆ. ಲೇಪ ಅದರ ಜೊತೆ ಅಷ್ಟೇ ಹಿಗ್ಗಲಾರದು. ಪ್ರತಿ ಸಲವೂ ಒಂದಿಷ್ಟು ದಣಿಯುತ್ತದೆ, ಕಾಣದ ಸೀಳು ಕೂದಲೆಳೆಯಷ್ಟು ಬೆಳೆಯುತ್ತದೆ. ದಿನಕ್ಕೆ ಎಷ್ಟು ಸಲ ತೆರೆಯುತ್ತೀರಿ ಎಂದು ಕೇಳಿದರು. ಎರಡೇ ಸಲ ಎಂದ ಈಶಪ್ಪ.

ಪಾರಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಈಶಪ್ಪ ಈ ವರ್ಷವಷ್ಟೇ ಕೊಂಡ ಅಳವಂಡಿಯ ಹೊಲದಿಂದ ಹಾಲುಗಾಳಿನ ಜೋಳದ ತೆನೆ ಬರತೊಡಗಿದಾಗಿನಿಂದ ಆ ಬಾಗಿಲಿಗೆ ಪುರುಸೊತ್ತೇ ಇರಲಿಲ್ಲ. ಬಂದವರಿಗೆಲ್ಲ ಈಶಪ್ಪ ಸ್ವತಃ ಭಟ್ಟಿಯ ಬಾಯಲ್ಲಿ ತೆನೆ ಸುಟ್ಟು, ಆಳುಗಳಿಂದ ತಿಕ್ಕಿಸಿ ಕಾಳು ಬಿಡಿಸಿ, ಸೀತನಿ ತಿನ್ನಿಸುತ್ತಿದ್ದ. ಸಾಹೇಬನ ಎದುರು ಅದನ್ನು ಹೇಳುವುದೆಂದರೆ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಂತೆ. ಆದರೆ ಆತನ ಉಪಚಾರದ ಚಟ ಆಕೆಗೆ ಚೆನ್ನಾಗಿ ಗೊತ್ತಿತ್ತು.

"ಅಕ್ಕಾರ, ಸೀತನಿ ತಿನ್ನಲಾರ್ದ ಹೊಂಟ್ರ ನಮ್ಮ ಸಾಹೇಬ್ರ ಮನಸ್ಸಿಗೆ ಭಾಳ ಕೆಟ್ಟ ಅನಸ್ತೈತ್ರಿ," ಎಂದಳು.

ಈಶಪ್ಪ ಅರಳಿಹೋದ. ಅಂಗಿಯ ತೋಳು ಮಡಚಿ ಬಾಗಿಲು ತೆರೆದ, ತೆನೆ ಹಿಡಿದ, ಮುಚ್ಚಿದ. ಮಗ್ಗುಲು ಬದಲಿಸಲು ಮತ್ತೆ ತೆರೆದ. ಬಿಸಿಯದು ಇನ್ನೊಂದು ಎಂದು ಮತ್ತೆ ತೆರೆದ. ಶೈಲಜಾ ಶೇಂಗಾ ಚಟ್ನಿಯ ಜೊತೆ ಮೆಲ್ಲುತ್ತ ಬಾಗಿಲನ್ನೇ ನೋಡುತ್ತಿದ್ದರು. ಏಳನೇ ಸಲಕ್ಕೆ 'ಟಿಕ್' ಎಂದಿತು. ಬಿಳಿ ಲೇಪದ ಮೇಲೆ ಸಣ್ಣ ಗೆರೆಯೊಂದು ಓಡಿತು.

"ದಿನಾ ಎಷ್ಟ ಮಂದಿಗೆ ಸುಡ್ತೀರಿ?" ಎಂದು ಶೈಲಜಾ ಕೇಳಿದರು.

ಈಶಪ್ಪ ಪಾರಮ್ಮನ ಕಡೆ ನೋಡಿದ. ಪಾರಮ್ಮ ತಗಡಿನ ಮಾಡು ನೋಡಿದಳು.

"ಬಂದವ್ರಿಗೆಲ್ಲಾರಿಗೂ ರೀ," ಎಂದ ಸಣ್ಣ ದನಿಯಲ್ಲಿ.

ಹಚ್ಚಿದ ಕೈಯಲ್ಲಿ ದೋಷವಿಲ್ಲ ಎಂದು ಶೈಲಜಾ ಬರೆದುಕೊಟ್ಟರು. ಮರುದಿನ ಬಾಗಿಲಿಗೆ ಬೀಗ ಬಿತ್ತು, ಬೀಗದ ಕೈ ಪಾರಮ್ಮನ ಸೊಂಟಕ್ಕೆ ಬಂತು. ಮೂರನೇ ದಿನ ಈಶಪ್ಪ ತೆನೆಗಳನ್ನು ಬೆನ್ನ ಹಿಂದೆ ಹಿಡಿದು, ಕುಷ್ಟಗಿಯಿಂದ ಬೀಗರು ಬಂದಿದ್ದಾರೆ, ಒಂದೇ ಸಲ ತೆಗೆ ಎಂದು ಗೋಗರೆದ.

"ಹೊರಗ ಕುಳ್ಳಿನ ಬೆಂಕಿ ಮಾಡೀನ್ರಿ. ಸುಡಾಕ ನಾ ಅದೀನಿ, ತಿಕ್ಕಾಕ ನೀವ ಕುಂದರ್ರಿ," ಎಂದಳು ಪಾರಮ್ಮ, ಹೊಗೆಯಾಡುತ್ತಿದ್ದ ಬೆರಣಿಗಳತ್ತ ಕೈ ತೋರಿಸಿ.

ಇಸ್ತ್ರಿ ಪ್ಯಾಂಟಿನ ಈಶಪ್ಪ ಬೀಗರ ಮುಂದೆಯೇ ಕುಕ್ಕರಗಾಲಲ್ಲಿ ಕೂತು ತೆನೆ ತಿಕ್ಕಿದ.