ತೂಕ ಅಂದದ್ದು

ಜಿತೇಶ್ ಪ್ರತಿ ಸಲವೂ ತಾನೇ ಇಳಿದು ಬಂದು ಚೈತಾಲಿಗೆ ಕಾರಿನ ಬಾಗಿಲು ತೆರೆಯುತ್ತಿದ್ದ. ಅಂಬಲಪಾಡಿಯ ಮನೆಯೆದುರು ಅದನ್ನು ನೋಡಿದ ಅವಳ ಅಪ್ಪ ಭುಜಂಗ ಹೆಂಡತಿಯ ಕಡೆ ತಿರುಗಿ, "ನಾನು ನಿನಗೆ ಗೇಟು ಕೂಡ ತೆರೆದವನಲ್ಲ ಅಲ್ವಾ" ಎಂದು ನಕ್ಕಿದ್ದರು. ಸ್ವರ್ಣಲತಾಳಿಗೂ ನಗು ಬಂದಿತ್ತು.

ಹುಡುಗ ಬಹ್ರೇನಿನಲ್ಲಿರುವವನು. ರಜೆ ಮುಗಿಯುವುದರೊಳಗೆ ನಿಶ್ಚಿತಾರ್ಥ ಆಗಬೇಕು ಎಂದಿದ್ದ. ಕಾಪುವಿನಲ್ಲಿ ತಾನು ಕಟ್ಟಿಸಿದ ಮನೆ ತೋರಿಸಿ, ಅಲ್ಲಿಂದ ಸೀರೆ ತೆಗೆಯಲು ಕಾರ್ಕಳಕ್ಕೆ ಹೋಗೋಣವೆಂದು ಅಮ್ಮ ಮಗಳನ್ನು ಕರೆದುಕೊಂಡು ಹೊರಟ. "ಹಿರಿಯರು ಮುಂದೆ ಕೂತುಕೊಳ್ಳಿ ಮಾಮಿ" ಎಂದ. ಚೈತಾಲಿ ಹಿಂದೆ ಕುಳಿತಳು.

ಮನೆ ಕಡಲಿಗೆ ಹತ್ತಿರವೇ ಇತ್ತು. ಆದರೆ ಕಡಲಿನ ಕಡೆಗೆ ಒಂದೂ ಕಿಟಕಿ ಇರಲಿಲ್ಲ. ಉಪ್ಪು ಗಾಳಿಗೆ ಎಲ್ಲ ತುಕ್ಕು ಹಿಡಿಯುತ್ತದೆ ಎಂದ ಜಿತೇಶ್. ಹಗಲಿನಲ್ಲೇ ಲೈಟು ಹಾಕಬೇಕಾಯಿತು. ಅಲೆಗಳ ಸದ್ದು ಗೋಡೆಯ ಒಳಗಿನಿಂದ ಬಂದಂತೆ ಕೇಳಿಸುತ್ತಿತ್ತು.

"ಇಲ್ಲಿಂದ ಮಣಿಪಾಲಕ್ಕೆ ಬಸ್ಸು ಉಂಟಾ?" ಎಂದು ಸ್ವರ್ಣಲತಾ ಕೇಳಿದಳು. ಚೈತಾಲಿ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾ ಪರ್ಕಳದಲ್ಲಿ ರೂಮು ಮಾಡಿಕೊಂಡಿದ್ದಳು.

"ಬಸ್ಸು ಎಂತಕ್ಕೆ ಮಾಮಿ? ಅವಳು ಕೆಲಸ ಬಿಡ್ತಾಳಲ್ವಾ. ರೂಮು ಖಾಲಿ ಮಾಡ್ತೇವೆ ಅಂತ ಓನರಿಗೂ ಹೇಳಿ ಆಗಿದೆ."

"ನಾನು ತೂಕ ಅಂದದ್ದು" ಎಂದಳು ಚೈತಾಲಿ, ನೆಲ ನೋಡುತ್ತಾ.

"ಅದನ್ನೇ ಅಲ್ವಾ ನಾನೂ ಹೇಳಿದ್ದು."

ತುಳುವಿನಲ್ಲಿ ತೂಕ ಎಂದರೆ ನೋಡೋಣ, ಅಷ್ಟೇ. ಹೌದೂ ಅಲ್ಲ, ಇಲ್ಲವೂ ಅಲ್ಲ. ಬೆಳ್ಮಣ್ಣಿನ ತವರುಮನೆಯಲ್ಲಿ ಭುಜಂಗರ ಸಂಬಂಧ ಬಂದಾಗ ಸ್ವರ್ಣಲತಾಳೂ ಸೋದರಮಾವನಿಗೆ ಅದನ್ನೇ ಹೇಳಿದ್ದಳು. ಆಗ ಅವಳಿಗೆ ಟೀಚರ್ ಟ್ರೇನಿಂಗಿಗೆ ಸೇರುವ ಆಸೆಯಿತ್ತು. ಯೋಚಿಸಲು ಎರಡು ದಿನ ಸಿಕ್ಕೀತು ಎಂದುಕೊಂಡಿದ್ದಳು. ಮಾವ ಅದನ್ನೇ ಹೌದೆಂದು ಹಿಡಿದು ಅದೇ ಮಧ್ಯಾಹ್ನದ ಊಟಕ್ಕೆ ಪಾಯಸ ಮಾಡಿಸಿದ್ದ. ಪಾಯಸ ಉಂಡ ಮೇಲೆ ಇಲ್ಲ ಅನ್ನುವುದು ಹೇಗೆ? ಭುಜಂಗ ಕೆಟ್ಟವರಲ್ಲ. ಅದರಿಂದಲೇ ಆ ನೋವನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ. ಯೋಚಿಸಲು ಬಿಟ್ಟಿದ್ದರೆ ತಾನು ಎಂತ ಹೇಳುತ್ತಿದ್ದೆ ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಪಡುಬಿದ್ರಿ ದಾಟಿದ ಮೇಲೆ ಚೈತಾಲಿಯ ಫೋನು ರಿಂಗಾಯಿತು. ಜಿತೇಶ್ ರಸ್ತೆಯಿಂದ ಕಣ್ಣು ತೆಗೆಯದೆ ಕೈಯನ್ನು ಹಿಂದಕ್ಕೆ ಚಾಚಿದ. ಅವಳು ಯಾರೆಂದೂ ನೋಡದೆ ಫೋನನ್ನು ಆ ಕೈಯಲ್ಲಿಟ್ಟಳು.

"ಲ್ಯಾಬಿನ ರಿಝ್ವಾನಾ. ಈ ಹೊತ್ತಿಗೆ ಎಂತ ಇವಳದ್ದು?" ಅವನು ಕರೆ ಕತ್ತರಿಸಿ ಫೋನನ್ನು ತನ್ನ ಜೇಬಿಗೆ ಹಾಕಿಕೊಂಡ.

ಸ್ವರ್ಣಲತಾಳಿಗೆ ಹೆದರಿಕೆಯಾಯಿತು. ಅವನು ಫೋನು ತೆಗೆದುಕೊಂಡದ್ದಕ್ಕಲ್ಲ, ಮಗಳು ಅದನ್ನು ಕೊಟ್ಟ ರೀತಿಗೆ.

ಬೆಳ್ಮಣ್ ಪೇಟೆಯಲ್ಲಿ ಎಳನೀರಿನ ಗಾಡಿ ಕಂಡಾಗ, "ಸ್ವಲ್ಪ ನಿಲ್ಲಿಸು, ಬೊಂಡ ಕುಡಿಯುವ" ಎಂದಳು. ಕಾರು ನಿಂತಿತು. ಹಿಂದೆ ಚೈತಾಲಿ ಬಾಗಿಲಿನ ಹಿಡಿಯನ್ನು ಒಮ್ಮೆ ಎಳೆದಳು. ತೆರೆಯಲಿಲ್ಲ. ಅವಳು ಕೈಗಳನ್ನು ಮಡಿಲಲ್ಲಿಟ್ಟು ಸುಮ್ಮನೆ ಕುಳಿತಳು.

"ಚೈಲ್ಡ್ ಲಾಕ್ ಮಾಮಿ. ಹೊರಗಿನಿಂದಲೇ ತೆಗೆಯಬೇಕು. ಸೇಫ್ಟಿಗೆ."

"ಮಕ್ಕಳು ಯಾರು ಉಂಟು ಕಾರಿನಲ್ಲಿ?"

ಜಿತೇಶ್ ನಕ್ಕ. "ಇವಳೇ."

ಸ್ವರ್ಣಲತಾ ಇಳಿದು ಹೋಗಿ ಹಿಂದಿನ ಬಾಗಿಲನ್ನು ತೆರೆದಳು. ಇಳಿ ಎನ್ನುವ ಮಾತು ತುಟಿಯವರೆಗೆ ಬಂತು. ಅದನ್ನು ಆಡಿದರೆ ತನ್ನ ಸೋದರಮಾವನಿಗೂ ತನಗೂ ಎಂತ ವ್ಯತ್ಯಾಸ ಎನಿಸಿ ನುಂಗಿಕೊಂಡಳು.

"ಕಾರ್ಕಳಕ್ಕಾ, ಮನೆಗಾ? ನೀನೇ ಹೇಳು ಚೈತಾಲಿ. ತೂಕ ಮಾತ್ರ ಅನ್ನಬೇಡ."

ಜಿತೇಶ್ ತಿರುಗಲಿಲ್ಲ. ಕನ್ನಡಿಯನ್ನು ಮೆಲ್ಲಗೆ ಸರಿಸಿ ಚೈತಾಲಿಯ ಮುಖ ಅದರಲ್ಲಿ ಕಾಣುವಂತೆ ಮಾಡಿಕೊಂಡ. "ಚೈತೂ, ಅಂಗಡಿಯವರು ಕಾಯ್ತಾರೆ."

ಮಗಳ ತುಟಿ ಆ ಹಳೆಯ 'ತೂ' ಅಕ್ಷರಕ್ಕೆ ಗುಂಡಗಾಗುವುದನ್ನು ಸ್ವರ್ಣಲತಾ ನೋಡಿದಳು. ರಸ್ತೆಯ ಆಚೆ ಬದಿಯಲ್ಲಿ ಉಡುಪಿಗೆ ಹೋಗುವ ಬಸ್ಸು ಬಂದು ನಿಂತಿತು.

"ನಾನು ಇಳಿತೇನೆ" ಎಂದಳು ಚೈತಾಲಿ.

"ಇಳಿ." ಜಿತೇಶನ ದನಿ ಸ್ವಲ್ಪವೂ ಏರಲಿಲ್ಲ. "ಫೋನು ನನ್ನ ಹತ್ತಿರ ಉಂಟು. ರೂಮಿನ ಕೀಯೂ ಉಂಟು. ಎಲ್ಲಿಗೆ ಹೋಗ್ತಿ, ನೋಡುವ."

ಬಸ್ಸಿನಲ್ಲಿ ಅಮ್ಮ ಮಗಳು ಕೊನೆಯ ಸೀಟಿನಲ್ಲಿ ಕುಳಿತರು. ಹಿಂದಿನ ಗಾಜಿನಲ್ಲಿ ಕಾರು ತಿರುಗುವುದು ಕಾಣಿಸಿತು. ಹಾಡುಹಗಲಿನಲ್ಲಿ ಹೆಡ್‌ಲೈಟು ಉರಿಯುತ್ತಿತ್ತು.

"ಎಲ್ಲಿಗೆ?" ಎಂದ ಕಂಡಕ್ಟರ್. ಚೈತಾಲಿ ಅಮ್ಮನ ಮುಖ ನೋಡಿದಳು. ಸ್ವರ್ಣಲತಾ ಪರ್ಸಿನಿಂದ ದುಡ್ಡು ತೆಗೆದು ಮಗಳ ಕೈಗಿಟ್ಟಳು.

"ಹೇಳಿ ಮಾರಾಯ್ರೆ, ಬಸ್ಸು ಕಾಶಿಗೆ ಹೋಗುವುದಿಲ್ಲ."

"ಉಡುಪಿ, ಎರಡು. ಸ್ಟೇಷನ್ ಹತ್ತಿರ ಇಳಿಸಿ."

"ಯಾವ ಸ್ಟೇಷನ್? ರೈಲ್ವೆಯಾ?"

"ಪೊಲೀಸ್" ಎಂದಳು ಚೈತಾಲಿ. ಎದುರಿನ ಸೀಟಿನವರು ತಿರುಗಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ.

ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಹಿಂದೆ ಕಾರೂ ನಿಂತಿತು. ಬಸ್ಸು ಹೊರಟಿತು. ಕಾರೂ ಹೊರಟಿತು.